ಮ್ಯಾನೇಜರ್ ಜೊತೆ ಲಿಫ್ಟ್ ಹತ್ತಬಾರದು

ನಾನು ಕಲ್ಲಿದ್ದಲು ಕಾರ್ಮಿಕರ ಯೂನಿಯನ್ ಲೀಡರ್ ಆಗಿ ರಿಟೈರ್ ಆದವನು ಎಂಬುದು ಸಿಡ್ನಿಯ ಕನ್ನಡಿಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿರುವವರು ಗೊತ್ತಿಲ್ಲದಂತೆ ಇದ್ದು ಉಪಕಾರ ಮಾಡುತ್ತಾರೆ. ನನ್ನ ಹೆಂಡತಿ ಸರೋಜ ಇಷ್ಟು ವರ್ಷವೂ "ನಮ್ಮನೆಯವರು ಮೈನಿಂಗ್ ಫೀಲ್ಡ್‌ನಲ್ಲಿದ್ದಾರೆ" ಎಂದು ಹೇಳಿ ತಕ್ಷಣ ಮಾತನ್ನು ಮಕ್ಕಳ ಓದಿನ ಕಡೆಗೆ ತಿರುಗಿಸುತ್ತಿದ್ದಳು. ಒಮ್ಮೆ ಪ್ಯಾರಮಟ್ಟಾದ ಹಾಲ್‌ನಲ್ಲಿ ರಾಜ್ಯೋತ್ಸವ ನಡೆದಾಗ ನಿರೂಪಕಿ ನನ್ನನ್ನು "ಗಣಿ ಉದ್ಯಮಿ" ಎಂದು ವೇದಿಕೆಗೆ ಕರೆದಳು. ನಮ್ಮ ರಾಜ್ಯದಲ್ಲಿ ಆ ಎರಡು ಪದ ಕೇಳಿದರೆ ಹೆಲಿಕಾಪ್ಟರ್ ನೆನಪಾಗುತ್ತದೆ. ಸಭೆಯಲ್ಲಿ ಅರ್ಧ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಿದ್ದುಪಡಿ ಮಾಡಲು ಹೋಗದೆ ಶಾಲು ಹೊದಿಸಿಕೊಂಡು ಕೆಳಗಿಳಿದೆ.

ಈಗ ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಅನುಭವ ಬರೆದುಕೊಡಿ ಎಂದು ಯೂನಿಯನ್ ಆಫೀಸಿನವರು ಕೇಳಿದರು. ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅದನ್ನು ಅವರ ಪ್ರಚಾರ ವಿಭಾಗದವರು ತಿದ್ದಿ ತಿದ್ದಿ ಒಂದು ಪುಟಕ್ಕೆ ಇಳಿಸಿದರು. ಆ ಪುಟದಲ್ಲಿ ಬಾತ್‌ಹೌಸ್ ಇರಲಿಲ್ಲ, ಬೈಗುಳ ಇರಲಿಲ್ಲ, ಕಲ್ಲಿದ್ದಲು ಕೂಡ ಇರಲಿಲ್ಲ. ನಾನು ಮಾತ್ರ ನಗುತ್ತಾ ಎಲ್ಲರೊಂದಿಗೆ "ಸಂವಾದ" ನಡೆಸುತ್ತಿದ್ದೆ. ಹಾಗಾಗಿ ಅವರಿಗೆ ತಿದ್ದಲು ಬಾರದ ಭಾಷೆಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಅಲ್ಲಿ ಚಿನ್ನ ಮುಗಿಯುವ ಲಕ್ಷಣ ಕಂಡಾಗ ಸಿಡ್ನಿಯ ದಕ್ಷಿಣಕ್ಕಿರುವ ಒಂದು ಕಲ್ಲಿದ್ದಲು ಗಣಿಗೆ ಬಂದೆ. ನಂಜುಂಡಪ್ಪ ಎಂಬ ನನ್ನ ಹೆಸರನ್ನು ಮೊದಲ ಶಿಫ್ಟಿನಲ್ಲೇ ಕತ್ತರಿಸಿ "ನಂಜೋ" ಎಂದು ಮಾಡಿದರು. ಅಪ್ಪನನ್ನು ಬಿಟ್ಟು ಬರೀ ನಂಜನ್ನು ಇಟ್ಟುಕೊಂಡದ್ದು ಮುಂದೆ ಮ್ಯಾನೇಜರುಗಳಿಗೆ ಸರಿಯಾಗಿಯೇ ಕಂಡಿರಬೇಕು.

ಬಾತ್‌ಹೌಸ್ ಎಂದರೆ ಏನೆಂದು ಹೊಸಬರು ತಿಳಿದಿರಬೇಕು. ಗಣಿಯ ಬಾಯಿಯ ಹತ್ತಿರ ಒಂದು ದೊಡ್ಡ ಸ್ನಾನದ ಮನೆ. ಪ್ರತಿಯೊಬ್ಬನಿಗೂ ಒಂದು ಸರಪಳಿ, ಅದರ ತುದಿಗೆ ಕೊಕ್ಕೆ. ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ ಸರಪಳಿ ಎಳೆದರೆ ಅದು ಮೇಲೆ ಚಾವಣಿಗೆ ಹೋಗಿ ಒಣಗುತ್ತಾ ತೂಗಾಡುತ್ತದೆ. ಶಿಫ್ಟ್ ಮುಗಿಸಿ ಮಸಿ ಬಳಿದುಕೊಂಡು ಬಂದವರೆಲ್ಲ ಅಲ್ಲಿ ಸೇರುತ್ತಾರೆ. ಯೂನಿಯನ್ ಮೀಟಿಂಗ್ ನಡೆಯುವುದೂ ಅಲ್ಲೇ. ನನ್ನ ಮೊದಲ ಭಾಷಣಕ್ಕೆ ನಾನು ರಾತ್ರಿಯೆಲ್ಲ ಕೂತು ಬರೆದ ಕಾಗದ ತೆಗೆದುಕೊಂಡು ಹೋಗಿ, ಬೆಂಚು ಹತ್ತಿ, ಶಾಲೆಯಲ್ಲಿ ಕಲಿತಂತೆ "ಲೇಡೀಸ್ ಅಂಡ್ ಜಂಟಲ್‌ಮೆನ್" ಎಂದು ಶುರು ಮಾಡಿದೆ. ಎದುರಿಗಿದ್ದವರಲ್ಲಿ ಲೇಡೀಸ್ ಯಾರೂ ಇರಲಿಲ್ಲ. ಜಂಟಲ್‌ಮೆನ್‌ಗಳ ಸೊಂಟದಲ್ಲಿ ಟವೆಲ್ ಇತ್ತು, ಕೆಲವರಿಗೆ ಅದೂ ಇರಲಿಲ್ಲ. ಅಷ್ಟರಲ್ಲಿ ಹಬೆಗೆ ಶಾಯಿ ಕರಗಿ ಕಾಗದ ನೀಲಿಯಾಯಿತು. ಅಲ್ಲಿಂದೀಚೆಗೆ ನಾನು ಬರೆದುಕೊಂಡು ಮಾತಾಡಲಿಲ್ಲ.

ನನ್ನನ್ನು ಆ ಬೆಂಚಿನಿಂದ ಕೆಳಗಿಳಿಸಿದವನು ಕೆವಿನ್, ನಮ್ಮ ಜಿಲ್ಲೆಯ ಯೂನಿಯನ್ ಅಧ್ಯಕ್ಷ. ಅವನ ಮನೆಯಲ್ಲಿ ತಾತನಿಂದ ಹಿಡಿದು ಎಲ್ಲರೂ ಗಣಿಗೆ ಇಳಿದವರೇ. "ನಂಜೋ, ಇಲ್ಲಿ ಬಿಸಿನೀರು ಇರುವಷ್ಟು ಹೊತ್ತು ಮಾತ್ರ ಪ್ರಜಾಪ್ರಭುತ್ವ. ನೀರು ತಣ್ಣಗಾದರೆ ನಿನ್ನ ಮಾತನ್ನು ನಿನ್ನ ಹೆಂಡತಿಯೂ ಕೇಳುವುದಿಲ್ಲ" ಎಂದ. ನನ್ನ ಹೆಂಡತಿ ನೀರು ಬಿಸಿ ಇದ್ದಾಗಲೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಕೆವಿನ್‌ನಂಥ ಸಿಡುಕನನ್ನು ನಾನು ಬೇರೆ ಕಂಡಿಲ್ಲ. ಫೋನ್ ಎತ್ತಿದರೆ ಮೊದಲು ಬೈಗುಳ, ಆಮೇಲೆ ಯಾರು ಎಂಬ ಪ್ರಶ್ನೆ. ಆದರೆ ಅವನು ಒಂದು ಪದ್ಧತಿಯನ್ನು ಮಡಿಯಂತೆ ಪಾಲಿಸುತ್ತಿದ್ದ. ಮ್ಯಾನೇಜರ್ ಜೊತೆ ಯಾವತ್ತೂ ಒಬ್ಬನೇ ಇರುತ್ತಿರಲಿಲ್ಲ. ಮೀಟಿಂಗ್‌ಗೆ ಹೋದರೆ ಜೊತೆಗೆ ಒಬ್ಬ ಕಾರ್ಮಿಕ ಬೇಕೇ ಬೇಕು. ಆ ಕಾರ್ಮಿಕ ಬಾಯಿ ಬಿಡಬೇಕಾಗಿಲ್ಲ, ಕೂತಿದ್ದರೆ ಸಾಕು. ಲಿಫ್ಟಿನಲ್ಲಿ ಮ್ಯಾನೇಜರ್ ಒಬ್ಬನೇ ನಿಂತಿದ್ದರೆ ಕೆವಿನ್ ಮೆಟ್ಟಿಲು ಹತ್ತುತ್ತಿದ್ದ, ಮಂಡಿ ನೋವಿದ್ದರೂ. ಒಮ್ಮೆ ಗಂಡಸರ ಟಾಯ್ಲೆಟ್ಟಿನಲ್ಲಿ ಮ್ಯಾನೇಜರ್ ಪಕ್ಕಕ್ಕೆ ಬಂದು ನಿಂತನೆಂದು ಅರ್ಧಕ್ಕೇ ಹೊರಬಂದ.

"ಅವನು ನಿನಗೆ ಲಂಚ ಕೊಡುತ್ತಾನೆ ಅಂತ ಅಲ್ಲ. ಒಳ್ಳೆಯ ಮಾತಾಡುತ್ತಾನೆ. ಒಬ್ಬನೇ ಇದ್ದಾಗ ಕೇಳಿದ ಒಳ್ಳೆಯ ಮಾತನ್ನು ಹೊರಗೆ ಬಂದು ಯಾರಿಗೂ ಹೇಳೋಕಾಗಲ್ಲ. ಅಲ್ಲಿಗೆ ನೀನು ಅವನವನಾದೆ" ಎಂದು ಹೇಳಿಕೊಟ್ಟ. ಯೂನಿಯನ್ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೊಂದೇ. ಉಳಿದದ್ದನ್ನೆಲ್ಲ ಈಗ ಎರಡು ದಿನದ ಟ್ರೇನಿಂಗ್‌ನಲ್ಲಿ ಊಟ ಹಾಕಿ ಕಲಿಸುತ್ತಾರೆ.

ಕೆವಿನ್ ನಿವೃತ್ತನಾದ ಮೇಲೆ ಅವನ ಕುರ್ಚಿಗೆ ನಾನು ಬಂದೆ. ಅಷ್ಟು ಹೊತ್ತಿಗೆ ಕಂಪನಿಗಳು ಸಭ್ಯವಾಗಿದ್ದವು. ಹಳೆಯ ಮ್ಯಾನೇಜರುಗಳು ಮುಖಕ್ಕೆ ಹೊಡೆದಂತೆ ಬೈಯುತ್ತಿದ್ದರು, ಸಂಜೆ ಅದೇ ಪಬ್ಬಿನಲ್ಲಿ ಸಿಗುತ್ತಿದ್ದರು. ಹೊಸಬರು ಯಾರನ್ನೂ ಬೈಯುವುದಿಲ್ಲ, ಮೆಲ್ಬರ್ನ್ ಹೆಡ್ ಆಫೀಸಿನಿಂದ ವೀಡಿಯೊದಲ್ಲಿ ಬಂದು "ನಿಮ್ಮ ಮನಸ್ಸಿನ ಆರೋಗ್ಯ ಹೇಗಿದೆ?" ಎಂದು ಕೇಳುತ್ತಾರೆ. ಒಂದು ಸಲ ಗಣಿಗೆ ಯೋಗ ಟೀಚರನ್ನು ಕಳಿಸಿದರು. ಆಕೆ ಮಾತು ಶುರು ಮಾಡುವ ಮೊದಲು ನನ್ನ ಮುಖ ನೋಡಿ, "ನಿಮಗೆ ಇದೆಲ್ಲ ಗೊತ್ತಿರುತ್ತೆ ಅಲ್ಲವಾ?" ಎಂದು ಕೈಮುಗಿದಳು. ಕೆಜಿಎಫ್‌ನಲ್ಲಿ ನಾನು ಕಲಿತ ಪ್ರಾಣಾಯಾಮವೆಂದರೆ ಧೂಳು ಬಂದಾಗ ಉಸಿರು ಬಿಗಿಹಿಡಿಯುವುದು. ಅದನ್ನು ಆಕೆಗೆ ಹೇಳಲಿಲ್ಲ.

ಸಭ್ಯತೆಯ ಜೊತೆಗೇ ಬಂದದ್ದು ಲೇಬರ್ ಹೈರ್. ಅಂದರೆ ಕಂಪನಿ ಜನರನ್ನು ತಾನೇ ನೇಮಿಸಿಕೊಳ್ಳದೆ ಏಜೆನ್ಸಿಯಿಂದ ಬಾಡಿಗೆಗೆ ತರಿಸಿಕೊಳ್ಳುವುದು. ಅದೇ ಸುರಂಗ, ಅದೇ ಕೆಲಸ, ಬೇರೆ ಬಣ್ಣದ ಶರ್ಟು. ಅವರಿಗೆ ಬಾತ್‌ಹೌಸ್‌ನಲ್ಲಿ ಸರಪಳಿಯೂ ಇಲ್ಲ, ಕಾರಿನ ಡಿಕ್ಕಿಯ ಹಿಂದೆ ಬಟ್ಟೆ ಬದಲಿಸಬೇಕು. ಅವರಿಗೆ ಶಿಫ್ಟ್ ಇದೆಯೋ ಇಲ್ಲವೋ ಎಂಬುದು ಫೋನಿಗೆ ಬರುವ ಮೆಸೇಜಿನಿಂದ ಗೊತ್ತಾಗುತ್ತದೆ. ಬೇಡವಾದವನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಛೇ, ಅಷ್ಟು ಒರಟರಲ್ಲ. ಮೆಸೇಜ್ ಬರುವುದು ನಿಲ್ಲುತ್ತದೆ, ಅಷ್ಟೇ.

ವಿಲ್ಸನ್‌ಗೆ ನಿಂತದ್ದು ಹಾಗೆ. ವಿಲ್ಸನ್ ಕಿನ್ನಿಗೋಳಿ ಕಡೆಯ ಕೊಂಕಣಿ ಹುಡುಗ, ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದ. ಹೆಂಡತಿ ನರ್ಸು, ಪುಟ್ಟ ಮಗಳು. ಸಂಬಳ ನಿಂತುಹೋಗದಿದ್ದರೆ ಆ ವರ್ಷವೇ ಸ್ವಂತ ಮನೆ ಕೊಳ್ಳಬೇಕೆಂದು ಬ್ಯಾಂಕಿಗೆ ಅರ್ಜಿ ಹಾಕಿದ್ದ. ಒಂದು ದಿನ ಸುರಂಗದಲ್ಲಿ ಹೊಸದಾಗಿ ಕೊರೆದ ಜಾಗಕ್ಕೆ ಹೋಗುವ ಮೊದಲು ಕಬ್ಬಿಣದ ಸರಳಿನಿಂದ ಮೇಲಿನ ಕಲ್ಲನ್ನು ತಟ್ಟಿ ನೋಡಿದ. ಗಟ್ಟಿ ಕಲ್ಲಾದರೆ ಠಣ್ ಎನ್ನಬೇಕು, ಅದು ಒಡಕು ಮಡಕೆಯಂತೆ ಬೊಳ್ ಎಂದಿತು. ಮೊದಲು ಇಲ್ಲಿ ಚಾವಣಿ ಕುಸಿಯದಂತೆ ಇನ್ನಷ್ಟು ಬೋಲ್ಟ್ ಹೊಡೆಯಿರಿ, ಆಮೇಲೆ ಒಳಗೆ ಹೋಗುತ್ತೇನೆ ಎಂದ. ಸೂಪರ್‌ವೈಸರ್ ಅವನಿಗೆ ಥ್ಯಾಂಕ್ಸ್ ಹೇಳಿ ಬೇರೆ ಕಡೆ ಕಳಿಸಿದ. ಮರುವಾರದಿಂದ ಮೆಸೇಜ್ ಇಲ್ಲ.

ಅವನು ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತ. "ಅಂಕಲ್, ನಂಗೆ ಶಿಫ್ಟೇ ಬರುದಿಲ್ಲ ಮಾರಾಯ್ರೆ. ಕೆಲಸದಿಂದ ತೆಗ್ದಿದ್ದೀರಾ ಅಂತ ಕೇಳಿದ್ರೆ ಇಲ್ಲ ಅಂತಾರೆ. ಕೆಲಸ ಉಂಟಾ ಅಂತ ಕೇಳಿದ್ರೆ ಸದ್ಯಕ್ಕೆ ಇಲ್ಲ ಅಂತಾರೆ. ಹಾಗಾದ್ರೆ ನಾನು ಎಂತ?"

"ನೀನು ಸದ್ಯಕ್ಕೆ ಇಲ್ಲದವನು" ಎಂದೆ. ಅವನಿಗೆ ನಗು ಬರಲಿಲ್ಲ. ಸರೋಜ ಕಾಫಿ ತಂದು ನನ್ನ ಕಡೆ ಕಣ್ಣು ಬಿಟ್ಟಳು.

ಇನ್ನು ಕಂಪನಿಯ ಕಡೆಯ ಮನುಷ್ಯ. ಕಾರ್ಮಿಕರ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರ್ ಪ್ರಶಾಂತ್, ಬೆಂಗಳೂರಿನ ಹುಡುಗ, ಕೆಲ್ಲಿವಿಲ್‌ನಲ್ಲಿ ಮನೆ, ನಮ್ಮ ಕನ್ನಡ ಸಂಘದ ಖಜಾಂಚಿ. ಗಣೇಶನ ಹಬ್ಬದಲ್ಲಿ ನನ್ನ ಕಾಲಿಗೆ ಬಿದ್ದು "ಆಶೀರ್ವಾದ ಮಾಡಿ ಅಂಕಲ್" ಎನ್ನುತ್ತಿದ್ದ. ಸೋಮವಾರ ಯೂನಿಯನ್‌ಗೆ ಲಾಯರ್ ನೋಟಿಸ್ ಕಳಿಸುತ್ತಿದ್ದ. ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದ ಎಂದು ಒಪ್ಪಿಕೊಳ್ಳಬೇಕು. ಹುಡುಗ ಕೆಟ್ಟವನಲ್ಲ, ಸಂಘದ ಪಾತ್ರೆ ತೊಳೆಯಲೂ ಎಲ್ಲರಿಗಿಂತ ಮೊದಲು ತೋಳು ಮಡಿಸುವವನು ಅವನೇ.

ವಿಲ್ಸನ್ ವಿಷಯ ಮಾತಾಡಲು ಮೆಲ್ಬರ್ನ್ ಹೆಡ್ ಆಫೀಸಿಗೇ ಬನ್ನಿ ಎಂದರು. ಗಣಿ ಇರುವುದು ಸಿಡ್ನಿ ಕಡೆ, ಕೆಲಸ ಹೋದವನು ಸಿಡ್ನಿಯವನು, ಪ್ರಶಾಂತ್‌ನ ಮನೆ ನನ್ನ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ. ಆದರೂ ನಾವೆಲ್ಲ ವಿಮಾನ ಹತ್ತಿ ಮೆಲ್ಬರ್ನ್‌ಗೆ ಹೋಗಿ ಎದುರುಬದುರು ಕೂತೆವು, ಯಾಕೆಂದರೆ ಅಲ್ಲಿ ಕಾಫಿ ಚೆನ್ನಾಗಿರುತ್ತದೆ. ಜೊತೆಗೆ ಆ ಗಣಿಯ ಯೂನಿಯನ್ ಕಾರ್ಯದರ್ಶಿ ಡೀನ್ ಬಂದಿದ್ದ. ಡೀನ್ ದಪ್ಪ ಕತ್ತಿನ, ಕಡಿಮೆ ಮಾತಿನ ಆಸಾಮಿ. ಕೆಳಗೆ ಲಾಬಿಯಲ್ಲಿ ಪ್ರಶಾಂತ್ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದ. "ಬನ್ನಿ ಅಂಕಲ್, ಜಾಗ ಇದೆ." ಡೀನ್ ಟಾಯ್ಲೆಟ್ಟಿಗೆ ಹೋಗಿದ್ದ. "ನೀನು ನಡಿಯಪ್ಪ, ನಾನು ಮುಂದಿನದರಲ್ಲಿ ಬರ್ತೀನಿ" ಎಂದು ಅಲ್ಲೇ ನಿಂತೆ. ಅವನಿಗೆ ಬೇಜಾರಾಯಿತೆಂದು ಮುಖದಲ್ಲಿ ಕಂಡಿತು.

ಮೇಲೆ ಗಾಜಿನ ಕೋಣೆ, ಉದ್ದ ಮೇಜು, ಕಂಪನಿಯ ಲಾಯರು, ಏಜೆನ್ಸಿಯವಳು. ವಿಲ್ಸನ್‌ನನ್ನು ಯಾರೂ ತೆಗೆದಿಲ್ಲ, ಅವನ ಬಗ್ಗೆ ಎಲ್ಲರಿಗೂ ಗೌರವವಿದೆ, ಸದ್ಯಕ್ಕೆ ಬೇಡಿಕೆ ಇಲ್ಲ ಎಂದು ಮೂವರೂ ಸರದಿಯ ಮೇಲೆ ಹೇಳಿದರು. ಬೇಡಿಕೆ ಇಲ್ಲದಿದ್ದರೆ ಅದೇ ವಾರ ಇಬ್ಬರು ಹೊಸಬರನ್ನು ಯಾಕೆ ಕರೆಸಿಕೊಂಡಿರಿ ಎಂದು ಕೇಳಿದೆ. ಲಾಯರು ನೀರು ಕುಡಿದ. ಆಗ ಪ್ರಶಾಂತ್ ನನ್ನ ಕಪ್ಪಿಗೆ ಕಾಫಿ ಬಗ್ಗಿಸುತ್ತಾ, ಮುಖದಲ್ಲಿ ನಗು ಇಟ್ಟುಕೊಂಡೇ ಕನ್ನಡದಲ್ಲಿ ಶುರು ಮಾಡಿದ.

"ಅಂಕಲ್, ನಿಮ್ಗೂ ಗೊತ್ತು ನಂಗೂ ಗೊತ್ತು, ಆ ರೂಫ್ ಸರಿ ಇರ್ಲಿಲ್ಲ. ಆದ್ರೆ ಇವನನ್ನ ವಾಪಸ್ ತಗೊಂಡ್ರೆ ನಾಳೆ ಲೇಬರ್ ಹೈರ್ ಹುಡುಗ್ರೆಲ್ಲ ಬಾಯಿ ಬಿಡ್ತಾರೆ. ನಿಮ್ಮ ಪರ್ಮನೆಂಟ್ ಜನ ಇವನಿಗೋಸ್ಕರ ಒಂದು ಗಂಟೆನೂ ಕೆಲಸ ಬಿಡಲ್ಲ, ಅವ್ರೆಲ್ಲ ಮೀನು ಹಿಡಿಯೋ ಮೋಜಿಗೆ ಬೋಟ್ ತಗೊಂಡಿದ್ದಾರೆ, ಆ ಬೋಟ್ ಲೋನ್ ಕಟ್ಬೇಕು. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಾ? ಭಾನುವಾರ ಮನೆಗೆ ಬನ್ನಿ, ಬಿಸಿಬೇಳೆಬಾತ್ ಮಾಡಿಸ್ತೀನಿ, ಕೂತು ಮಾತಾಡೋಣ."

ಎಷ್ಟು ಪ್ರೀತಿಯಿಂದ ಹೇಳಿದ ಎಂದರೆ, ಒಂದು ಕ್ಷಣ ನಾನು ತಲೆಯಾಡಿಸಲಿದ್ದೆ. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಮನಸ್ಸು ತಾನೇ ಚಪ್ಪಲಿ ಬಿಟ್ಟು ಒಳಗೆ ಹೋಗಿಬಿಡುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಡೀನ್ ಅಲುಗಾಡಿದ. ಅವನ ಮುಖ ನೋಡಿದೆ. ಅವನು ನನ್ನ ಪಕ್ಕದಲ್ಲೇ ಮೊಣಕೈ ತಾಗುವಂತೆ ಕೂತಿದ್ದ, ಆದರೆ ಆ ಅರ್ಧ ನಿಮಿಷ ನಾನು ಮ್ಯಾನೇಜರ್ ಜೊತೆ ಒಬ್ಬನೇ ಇದ್ದೆ. ಕೆವಿನ್ ಇದ್ದಿದ್ದರೆ ಯಾವ ಮೆಟ್ಟಿಲು ಹತ್ತುತ್ತಿದ್ದನೋ ಗೊತ್ತಿಲ್ಲ.

"ಏನಂತೆ?" ಎಂದು ಡೀನ್ ಕೇಳಿದ.

ನಾನು ಹೇಳಿದೆ. ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಒಂದು ಮಾತು ಬಿಡದೆ. ಚಾವಣಿಯ ಮಾತು, ಬಾಯಿ ಬಿಡುವ ಮಾತು, ಬೋಟ್ ಲೋನು, ಬಿಸಿಬೇಳೆಬಾತ್. ಬಿಸಿಬೇಳೆಬಾತ್ ಎಂದರೇನು ಎಂದು ಏಜೆನ್ಸಿಯವಳು ಕೇಳಿದಳು, ಅದನ್ನೂ ವಿವರಿಸಿದೆ. ಲಾಯರು ಇದೆಲ್ಲ ಖಾಸಗಿ ಮಾತುಕತೆ, ಲೆಕ್ಕಕ್ಕೆ ಬರುವುದಿಲ್ಲ ಎಂದು ಕೂಗಾಡಿದ. ಪ್ರಶಾಂತ್‌ನ ಕೈಯಲ್ಲಿ ಕಾಫಿ ಜಗ್ಗು ಹಾಗೇ ಇತ್ತು. "ಅಂಕಲ್..." ಎಂದ, ಮುಂದೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಅವನಿಗೆ ತೋಚಲಿಲ್ಲ. ಆ ಮುಖ ನೋಡಿ ನನಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಸುಲಭವಿತ್ತು.

ಕಂಪನಿ ಆ ದಿನ ಬಗ್ಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಮುಷ್ಕರ ಮಾಡುವುದು ಮದುವೆ ಮಾಡಿದ ಹಾಗೆ, ಅರ್ಜಿ, ಮುಹೂರ್ತ, ಎಲ್ಲರ ಒಪ್ಪಿಗೆ, ಮುಂಚಿತ ಆಮಂತ್ರಣ ಎಲ್ಲ ಬೇಕು. ಸುಮ್ಮನೆ ಕೆಲಸ ಬಿಟ್ಟರೆ ಯೂನಿಯನ್‌ಗೆ ದಂಡ. ಆದರೆ ಪ್ರಾಣಕ್ಕೆ ಅಪಾಯವಿದೆ ಎನಿಸಿದ ಜಾಗಕ್ಕೆ ಹೋಗದಿರುವ ಹಕ್ಕು ಗಣಿಯವರಿಗೆ ಇದೆ. ಆದ್ದರಿಂದ ಬಾತ್‌ಹೌಸ್‌ನಲ್ಲಿ ಡೀನ್ ಮುಂದಿಟ್ಟ ಠರಾವಿನಲ್ಲಿ ಮುಷ್ಕರದ ಶಬ್ದವೇ ಇರಲಿಲ್ಲ. ಕಲ್ಲು ಸಡಿಲವಿದೆ ಎಂದು ಹೇಳಿದವನೇ ಬಂದು ಆ ಜಾಗ ತೋರಿಸುವ ತನಕ, ಅಲ್ಲಿ ಬೋಲ್ಟ್ ಹೊಡೆಯುವ ತನಕ ಯಾರೂ ಆ ಸುರಂಗಕ್ಕೆ ಕಾಲಿಡುವುದಿಲ್ಲ, ಅಷ್ಟೇ. ತೋರಿಸಲು ವಿಲ್ಸನ್ ಬರಬೇಕು, ಬರಬೇಕಾದರೆ ಅವನಿಗೆ ಶಿಫ್ಟ್ ಕೊಡಬೇಕು.

ಜನ ಕೆಲಹೊತ್ತು ಗೊಣಗಿದರು. ಅವನು ನಮ್ಮವನಲ್ಲ, ಬಾಡಿಗೆಯವನು ಎಂದ ಒಬ್ಬ. ಅವನಿಗೋಸ್ಕರ ನಮ್ಮ ಬೋನಸ್ ಯಾಕೆ ಹಾಳಾಗಬೇಕು ಎಂದ ಇನ್ನೊಬ್ಬ. ಒಗ್ಗಟ್ಟು, ಸೋದರತ್ವ ಎಂದೆಲ್ಲ ನಾನು ಹೇಳಿದ್ದು ಹಬೆಯಲ್ಲಿ ಹಬೆಯಾಯಿತು. ಆಗ ಡೀನ್ ಬೆಂಚು ಹತ್ತಿ ಪ್ರಶಾಂತ್ ಹೇಳಿದ ಬೋಟ್ ಲೋನಿನ ಮಾತನ್ನು ಹೇಳಿದ. ಹಿಂದಿನಿಂದ ಬೆತ್ತಲೆ ಎದೆಯ ಒಬ್ಬ ದಾಂಡಿಗ ಮುಂದೆ ಬಂದು, "ನನ್ನ ಬೋಟಿನ ಸುದ್ದಿ ಅವನಿಗ್ಯಾಕೆ?" ಎಂದು ಕೈ ಎತ್ತಿದ. ಆಮೇಲೆ ಎತ್ತದ ಕೈ ಉಳಿಯಲಿಲ್ಲ. ಕೈ ಎತ್ತುವ ಭರದಲ್ಲಿ ಕೆಲವರ ಟವೆಲ್ ಕೆಳಗೆ ಬಿತ್ತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಗುರುತಿಟ್ಟುಕೊಳ್ಳಬೇಕು. ಅವರು ಕೈ ಎತ್ತಿದ್ದು ವಿಲ್ಸನ್ ಮೇಲಿನ ಪ್ರೀತಿಯಿಂದಲ್ಲ. ತಮ್ಮನ್ನು ಇನ್ನೊಬ್ಬ ಇಷ್ಟು ಸರಿಯಾಗಿ ಅಳೆದುಬಿಟ್ಟ ಎಂಬ ಸಿಟ್ಟಿನಿಂದ.

ಕಂಪನಿ ಎರಡೇ ದಿನದಲ್ಲಿ ವಿಲ್ಸನ್‌ನನ್ನು ಕರೆಸಿತು. ಅವನು ಒಳಗೆ ಹೋಗಿ ಸರಳಿನಿಂದ ತಟ್ಟಿದ, ನಾನೂ ಡೀನೂ ಸೂಪರ್‌ವೈಸರೂ ಕಿವಿಗೊಟ್ಟು ನಿಂತೆವು. ಬೊಳ್. ಬೋಲ್ಟ್ ಹೊಡೆಯಲು ಕೊರೆದಾಗ ಉದುರಿದ ಕಲ್ಲಿನ ರಾಶಿ ನೋಡಿ ಸೂಪರ್‌ವೈಸರ್ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. ಶಿಫ್ಟಿನ ಮೆಸೇಜ್ ಮತ್ತೆ ಬರಲು ಶುರುವಾಯಿತು. ಕೆಲವು ತಿಂಗಳ ಮೇಲೆ ಆ ಗಣಿಯಲ್ಲಿ ಅಪಾಯವನ್ನು ಮೊದಲೇ ಗುರುತಿಸಿದ್ದಕ್ಕಾಗಿ ಕಂಪನಿ ತನಗೆ ತಾನೇ ಒಂದು ಸುರಕ್ಷತಾ ಪ್ರಶಸ್ತಿ ಕೊಟ್ಟುಕೊಂಡಿತು. ಫೋಟೋದಲ್ಲಿ ಪ್ರಶಾಂತ್ ವಿಲ್ಸನ್‌ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾನೆ. ವಿಲ್ಸನ್‌ಗೆ ಒಂದು ಜಾಕೆಟ್ ಸಿಕ್ಕಿತು. ಪ್ರಶಾಂತ್‌ಗೆ ಪ್ರಮೋಷನ್.

ನನಗೆ ಸಿಕ್ಕಿದ್ದು ಕನ್ನಡ ಸಂಘದ ಅಧ್ಯಕ್ಷರ ಫೋನು. "ನಂಜುಂಡಪ್ಪನವರೇ, ಏನೇ ಇರ್ಲಿ, ನಮ್ಮ ಭಾಷೆಯಲ್ಲಿ ನಂಬಿ ಹೇಳಿದ್ದನ್ನ ಬಿಳಿಯರ ಮುಂದೆ ಇಡಬಾರದಿತ್ತು. ನಮ್ಮ ಹುಡುಗ ಅಲ್ವಾ?"

"ವಿಲ್ಸನ್ನೂ ನಮ್ಮ ಹುಡುಗನೇ ಅಲ್ವಾ ಸಾರ್?"

"ಅವನು ಕೊಂಕಣಿ ಅಲ್ವಾ?" ಎಂದರು.

ಆಮೇಲೆ ಸಂಘದ ಈಮೇಲುಗಳು ಬರುವುದು ನಿಂತವು. ನನ್ನನ್ನು ಯಾರೂ ತೆಗೆದುಹಾಕಲಿಲ್ಲ, ಸದ್ಯಕ್ಕೆ ಬೇಡಿಕೆ ಇರಲಿಲ್ಲ. ಸರೋಜಳ ವಾಕಿಂಗ್ ಗೆಳತಿಯರಿಗೂ ಒಬ್ಬೊಬ್ಬರಿಗೇ ಮಂಡಿ ನೋವು ಬಂತು. ಅವಳು ನನ್ನ ಮೇಲೆ ಎಗರಾಡುತ್ತಾಳೆಂದು ಕಾದೆ. ಒಂದು ದಿನ ಚಪಾತಿ ಲಟ್ಟಿಸುತ್ತಾ ಕೇಳಿದಳು, "ಬಿಸಿಬೇಳೆಬಾತ್ ಅಂದನಲ್ಲ, ಅದನ್ನೂ ಅವ್ರಿಗೆ ಹೇಳಿದ್ರಾ?" ಹೇಳಿದೆ ಎಂದೆ. "ಅದೊಂದು ಬಿಡಬಹುದಿತ್ತು" ಎಂದಳು. ಬಿಡಬಹುದಿತ್ತೇನೋ. ಆದರೆ ಬಲೆ ಇದ್ದದ್ದು ಆ ಊಟದಲ್ಲೇ ಎಂದು ನನಗೆ ಈಗಲೂ ಅನಿಸುತ್ತದೆ.

ನಾನು ನಿವೃತ್ತನಾದ ವರ್ಷ ವಿಲ್ಸನ್‌ನನ್ನು ಕಂಪನಿ ಪರ್ಮನೆಂಟ್ ಮಾಡಿಕೊಂಡಿತು. ಅವನು ಮನೆಯನ್ನೂ ಕೊಂಡ. ಪಾದ್ರಿಯನ್ನು ಕರೆಸಿ ಮನೆ ಒಕ್ಕಲಿಗೆ ದೊಡ್ಡ ಊಟ ಇಟ್ಟಿದ್ದಾನೆ ಎಂದು ಬೀದಿಯಲ್ಲೆಲ್ಲ ಸುದ್ದಿ. ಸರೋಜ ಉಡುಗೊರೆಗೆ ಬೆಳ್ಳಿ ಲೋಟ ತಂದಿಟ್ಟಳು. ಸಮಾರಂಭದ ಹಿಂದಿನ ದಿನ ವಿಲ್ಸನ್‌ನ ಫೋನ್ ಬಂತು.

"ಅಂಕಲ್, ಪ್ರಶಾಂತ್ ಸರ್ ನಾಳೆ ಬರ್ತಾರಂತೆ. ಅವರು ಈಗ ದೊಡ್ಡ ಪೋಸ್ಟಲ್ಲಿ ಉಂಟಲ್ಲ, ನಂಗೆ ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನೀವಿಬ್ರೂ ಒಟ್ಟಿಗೆ ಇದ್ರೆ... ನೀವೂ ಆಂಟಿಯೂ ಮುಂದಿನ ಭಾನುವಾರ ಬಂದ್ರೆ ಆಗ್ಬಹುದಾ?"

ಸರೋಜ ಲೋಟಕ್ಕೆ ಬಣ್ಣದ ಕಾಗದ ಸುತ್ತುತ್ತಾ ನನ್ನನ್ನೇ ನೋಡುತ್ತಿದ್ದಳು.

"ಬೇಜಾರಾಯ್ತಾ ಅಂಕಲ್?"

"ಆಯ್ತಪ್ಪ" ಎಂದೆ. ಸುಳ್ಳು ಹೇಳುವ ವಯಸ್ಸಲ್ಲ ನನ್ನದು. ಅವನು ಆ ಕಡೆ ಅಳುತ್ತಿದ್ದನೋ ನೆಗಡಿಯೋ ತಿಳಿಯಲಿಲ್ಲ. ನಾನೇ ಕೇಳಿದೆ, "ಸೋಮವಾರ ಶಿಫ್ಟ್ ಇದೆಯೇನೋ?"

"ಉಂಟು ಅಂಕಲ್. ಬೆಳಿಗ್ಗೇದು."

"ಹಾಗಾದ್ರೆ ನಾಳೆ ಊಟ ಮುಗಿಸಿ ಬೇಗ ಮಲ್ಕೋ" ಎಂದು ಫೋನ್ ಇಟ್ಟೆ.